ಕೇಳುವ ಮೊದಲೇ ಹತ್ತಿದ ಬತ್ತಿಗಳು

ಭೂಮಿಯ ಆಚೆ ಮಗ್ಗುಲ ಪರ್ತ್ ಪಟ್ಟಣದಲ್ಲಿರುವ ಡೀರ್ಡ್ರ ಎಂಬಾಕೆ ತೀರಿಹೋದ ತಾಯಿಯ ನೆನಪಿಗೆ ಒಂದು ಮೇಣದಬತ್ತಿ ಹಚ್ಚೋಣವೆಂದು ಫೋನು ಕೈಗೆತ್ತಿಕೊಂಡಳು. ಐರ್ಲೆಂಡಿನ ಹುಟ್ಟೂರು ಕಿಲ್‌ಮೊರಾನಿನ ಚರ್ಚಿನ ಜಾಲತಾಣ ತೆರೆದುಕೊಳ್ಳಲಿ ಎಂದು ಕಾದಳು. ಸುಮ್ಮನೆ ಕಾಯುವುದೇಕೆಂದು ಜಪಸರ ಹಿಡಿದು ಕಾದಳು. ಜಪಸರ ಒಂದು ಸುತ್ತು ಮುಗಿದಾಗ ಫೋನಿನ ಮೇಲೆ ಚರ್ಚಿನ ತುದಿಯ ಶಿಲುಬೆಯಷ್ಟೇ ಇಳಿದು ಬಂದಿತ್ತು. ಗೋಪುರ ಇನ್ನೂ ದಾರಿಯಲ್ಲಿತ್ತು. ಆಕೆ ಅಲ್ಲಿಂದಲೇ ಫಾದರ್ ಮ್ಯಾಲಕಿಯವರಿಗೆ ಬರೆದು ಹಾಕಿದಳು: "ಫಾದರ್, ನಮ್ಮಮ್ಮ ಸ್ವರ್ಗ ಸೇರೋಕೂ ಇಷ್ಟು ಹೊತ್ತು ತಗೊಂಡಿರಲಿಕ್ಕಿಲ್ಲ."

ಫಾದರ್ ಮ್ಯಾಲಕಿ ಅದನ್ನು ಭಾನುವಾರದ ಪೂಜೆಯ ಕೊನೆಯಲ್ಲಿ, ಪ್ರಕಟಣೆಗಳ ಜೊತೆಗೆ, ಒಂದಕ್ಷರ ಬಿಡದೆ ಓದಿದರು. ಓದಿ ಮುಗಿದದ್ದೇ ಇಡೀ ಊರು ಹೊರಳಿ ಹಿಂದಿನ ಬೆಂಚಿನಲ್ಲಿ ಕೂತಿದ್ದ ಫಿಂಟನ್ ಲಾವೆಲ್‌ನನ್ನು ನೋಡಿತು.

ಯಾಕೆಂದರೆ ಜಾಲತಾಣಗಳನ್ನು ಬೇಗ ತೆರೆಯುವಂತೆ ಮಾಡುವುದೇ ಫಿಂಟನ್ನನ ಕಸುಬು. ಡಬ್ಲಿನ್ನಿನ ಕಂಪನಿಯೊಂದಕ್ಕೆ ಅವನು ಮನೆಯ ಅಟ್ಟದ ಕೋಣೆಯಲ್ಲಿ ಕೂತು ದುಡಿಯುತ್ತಿದ್ದ. ಜಗತ್ತಿನ ಯಾವ್ಯಾವುದೋ ಅಂಗಡಿಗಳ ಪುಟಗಳನ್ನು ಕುದುರೆಯಂತೆ ಓಡಿಸುತ್ತಿದ್ದ. ಊರಿನವರಿಗೆ ಮಾತ್ರ ಇದೊಂದು ಕೆಲಸವೆಂಬ ನಂಬಿಕೆಯೇ ಇರಲಿಲ್ಲ.

"ಮುಂಚೆ ಒಂದು ಪುಟ ಇತ್ತು. ನೀನು ಮುಟ್ಟಿದ ಮೇಲೂ ಅದೇ ಪುಟ ಇದೆ. ಮತ್ತೆ ಮಾಡಿದ್ದೇನೋ?" ಎಂದು ನಿವೃತ್ತ ಅಂಚೆಯವ ಬಾರ್ಟ್ಲಿ ಸಿಕ್ಕಲ್ಲೆಲ್ಲ ಕೇಳುವನು.

"ಈಗ ಬೇಗ ಬರುತ್ತೆ ಬಾರ್ಟ್ಲಿ."

"ಬೇಗ ಬಂದು ಅದೇನು ಹಾಲು ಕರೀಬೇಕಿತ್ತಾ?"

ಚರ್ಚಿನ ಜಾಲತಾಣ ಫಿಂಟನ್ನನ ಕೊರಳಿಗೆ ಬಿದ್ದದ್ದು ರೋಗದ ಕಾಲದಲ್ಲಿ, ಚರ್ಚಿಗೆ ಬೀಗ ಬಿದ್ದಾಗ. ಕಳೆದದ್ದನ್ನು ಹುಡುಕಿಕೊಡುವ ಸಂತ ಅಂತೋಣಿಯ ಪ್ರತಿಮೆಯ ಮುಂದೆ ಮೂರು ಸಾಲು ಬತ್ತಿಗಳ ಸ್ಟ್ಯಾಂಡು ಇದೆ. ಹೊಗೆಗೆ ಸಂತನ ಮೂಗು ಕಪ್ಪಾಗುತ್ತದೆಂದು ಮೇಣ ತೆಗೆದು, ಮೇಣದ ಬತ್ತಿಯನ್ನೇ ಹೋಲುವ ವಿದ್ಯುತ್ ಬತ್ತಿ ಹಾಕಿದ್ದರು. ಮನೆಯಲ್ಲೇ ಸಿಕ್ಕಿಬಿದ್ದ ಜನ ದೂರದಿಂದಲೇ ಬತ್ತಿ ಹಚ್ಚಲಿ ಎಂದು ಫಿಂಟನ್ ಒಂದು ಪುಟ್ಟ ಏರ್ಪಾಡು ಮಾಡಿಕೊಟ್ಟ. ಜಾಲತಾಣದಲ್ಲಿ 'ಬತ್ತಿ ಹಚ್ಚಿ' ಎಂಬುದನ್ನು ಮುಟ್ಟಿದರೆ ಇಲ್ಲಿ ಒಂದು ಬತ್ತಿ ಹತ್ತುವುದು. ತಾಸು ಉರಿದು ಆರುವುದು. ಚರ್ಚಿನ ಕ್ಯಾಮೆರಾದಲ್ಲಿ ತಮ್ಮ ಬತ್ತಿಯನ್ನು ತಾವೇ ನೋಡಬಹುದು. ರೋಗ ಹೋಯಿತು, ಬೀಗ ತೆರೆಯಿತು, ಏರ್ಪಾಡು ಉಳಿಯಿತು. ಅದರ ಜೊತೆಗೆ ಫಿಂಟನ್ನೂ ಉಳಿದ. ಕ್ರಿಸ್‌ಮಸ್ ಊಟಕ್ಕೆ ಕೂತಾಗ, ಮಾವನ ಹೆಣ ಎತ್ತುವಾಗ, ಹಲ್ಲಿನ ವೈದ್ಯನ ಮುಂದೆ ಬಾಯಿ ತೆರೆದಿದ್ದಾಗ, ಚರ್ಚಿನ ಪುಟಕ್ಕೇನೋ ಆಗಿದೆ ಎಂದು ಯಾರಾದರೊಬ್ಬರು ಫೋನು ಮಾಡುವರು.

ಅವನ ಹೆಂಡತಿ ನೋರೀನ್ ಈ ಸಲ ಮಾತು ಬೆಳೆಸಲಿಲ್ಲ. ಪೋರ್ಚುಗಲ್ಲಿನ ಕಡಲ ದಂಡೆಯಲ್ಲಿ ಕೋಣೆ ಹಿಡಿದು, ಶುಕ್ರವಾರ ಸಂಜೆ ವಿಮಾನ ನಿಲ್ದಾಣಕ್ಕೆ ಹೋಗುವ ರೈಲಿಗೆ ಎರಡು ಟಿಕೆಟ್ ತೆಗೆದು ಮೇಜಿನ ಮೇಲಿಟ್ಟಳು.

"ಆ ವೆಬ್‌ಸೈಟನ್ನ ಕಳಚಿಟ್ಟು ಬರೋದಾದ್ರೆ ಬಾ. ಇಲ್ದಿದ್ರೆ ನಾನೊಬ್ಳೇ ಹೋಗ್ತೀನಿ. ನೀನು ಫಾದರ್ ಮ್ಯಾಲಕಿ ಜೊತೆ ಸಂಸಾರ ಮಾಡ್ಕೊಂಡಿರು."

ಫಿಂಟನ್ ಫಾದರ್‌ ಬಳಿಗೆ ಹೋಗಿ ಬಿಡುಗಡೆ ಬೇಡಿದ. ಫಾದರ್ ಮ್ಯಾಲಕಿ ಒಳ್ಳೆಯವರು; ಸಮಯ ಬಂದರೆ ಚೌಕಾಸಿಯನ್ನೂ ಬಲ್ಲವರು.

"ಶುಕ್ರವಾರ ನಾಲ್ಕು ಗಂಟೆಗೆ ಬಿಷಪ್ಪರು ಬರ್ತಿದಾರೆ, ಚರ್ಚಿಗೆ ಹೊದಿಸಿದ ಹೊಸ ಮಾಡಿಗೆ ಆಶೀರ್ವಾದ ಮಾಡೋಕೆ. ಅಷ್ಟರೊಳಗೆ ಆ ಪರ್ತ್ ಹೆಂಗಸಿನ ಬಾಯಿ ಮುಚ್ಚೋ ಹಾಗೆ ಪುಟ ಬೇಗ ತೆರೆಯೋ ತರ ಮಾಡು. ಮಾಡಿದ ದಿನವೇ ನಿನ್ನ ಬಿಟ್ಟೆ. ಪಕ್ಕದೂರಿನ ಮೇಷ್ಟ್ರು ಇದಾನೆ, ಅವನಿಗೆ ಕಟ್ತೀನಿ."

"ಮಾತು ಅಂದ್ರೆ ಮಾತು ತಾನೆ ಫಾದರ್?"

"ಪಾದ್ರಿ ಹತ್ರ ಆಣೆ ಕೇಳ್ತೀಯೇನೋ?"

ಹೀಗೆ ಶುಕ್ರವಾರ ನಸುಕಿನಲ್ಲಿ ಫಿಂಟನ್ ಅಟ್ಟ ಹತ್ತಿದ. ಪುಟದ ನೆತ್ತಿಯ ಮೇಲೆ ಲೂರ್ದ್ ಕ್ಷೇತ್ರಕ್ಕೆ ಹೊರಟ ಯಾತ್ರಿಕರು ಚರ್ಚಿನೆದುರು ನಿಂತ ಪಟವೊಂದು ಚರ್ಚಿನ ಗೋಡೆಗೆ ಹೊದಿಸುವಷ್ಟು ದೊಡ್ಡದಾಗಿ ಕೂತಿತ್ತು. ಅದನ್ನು ಹಿಂಡಿ ಅಂಗೈಯಗಲ ಮಾಡಿದ. ಪರ್ತ್‌ನವರು ಕೇಳಿದರೆ ಐರ್ಲೆಂಡಿನ ತನಕ ಓಡಿ ಬರುವುದೇಕೆಂದು ಪುಟದ ನಕಲುಗಳನ್ನು ಲೋಕದ ದೊಡ್ಡ ಪಟ್ಟಣಗಳಲ್ಲೆಲ್ಲ ಇರಿಸಿದ. ಒಮ್ಮೆ ನೋಡಿದವರ ಫೋನಿನಲ್ಲೂ ಒಂದು ನಕಲು ಮಾರನೆಯ ದಿನದ ತನಕ ಉಳಿಯುವಂತೆ ಮಾಡಿದ. ಕೊನೆಯದಾಗಿ ತನ್ನ ಕಸುಬಿನ ಚಂದದ ಕೈಚಳಕವೊಂದನ್ನು ಹೂಡಿದ. ನೆಂಟರು ಬಾಯಿ ತೆರೆಯುವ ಮುನ್ನವೇ ಒಲೆಯ ಮೇಲೆ ಟೀ ನೀರಿಡುವ ಮನೆಯೊಡತಿಯ ಹಾಗೆ, ಬಂದವರು ಯಾವುದನ್ನು ಮುಟ್ಟಬಹುದೋ ಅದನ್ನೆಲ್ಲ ಮುಟ್ಟುವ ಮೊದಲೇ ತಂದಿಡುವ ಉಪಾಯ ಅದು. ಪೂಜೆಯ ಹೊತ್ತು, ಸಾವಿನ ಸುದ್ದಿ, ಕ್ಯಾಮೆರಾ, ಒಂದೊಂದರ ಬಾಗಿಲನ್ನೂ ಪುಟವೇ ಮುಂದಾಗಿ ಹೋಗಿ ತಟ್ಟಿ ಬರುವುದು.

ಆಮೇಲೆ ಪರ್ತ್‌ನಲ್ಲಿರುವ ಒಂದು ಯಂತ್ರದಿಂದ ಪುಟವನ್ನು ಕರೆದು ನೋಡಿದ.

ತೆರೆಯಿತು. ತೆರೆಯಿತೆನ್ನುವುದೂ ತಪ್ಪು. ಮೊದಲೇ ಅಲ್ಲಿದ್ದ ಹಾಗಿತ್ತು. ಎಷ್ಟೋ ವರ್ಷ ಇದೇ ಕೆಲಸ ಮಾಡಿದ್ದರೂ ಫಿಂಟನ್ನನ ಮೈ ಜುಮ್ಮೆಂದಿತು. ಕಡಲ ತಳದ ಕತ್ತಲಲ್ಲಿ, ಮೀನುಗಳೂ ಕಣ್ಣು ಮುಚ್ಚಿಕೊಂಡಿರುವಲ್ಲಿ, ಕೂದಲಿನಷ್ಟು ತೆಳುವಾದ ಗಾಜಿನ ಎಳೆಯೊಳಗೆ ಬೆಳಕು ಓಡುತ್ತದೆ. ತಾಯಿ ಸತ್ತ ಮಗಳೊಬ್ಬಳ ಮಾತನ್ನು ಹೊತ್ತು ಭೂಮಿಯ ಆ ಮಗ್ಗುಲಿನಿಂದ ಈ ಮಗ್ಗುಲಿಗೆ ಬರುತ್ತದೆ. ರೆಪ್ಪೆ ಬಡಿದು ತೆರೆಯುವಷ್ಟರಲ್ಲಿ ಉತ್ತರ ಹೊತ್ತು ಮರಳುತ್ತದೆ. ಯಾರು ಕೊಟ್ಟರು ಮನುಷ್ಯನಿಗೆ ಇಂಥದನ್ನು? ಅವನು ಅರಿಯದೆಯೇ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡ. ಆಮೇಲೆ ಕೆಳಗಿಳಿದು ಹೆಂಡತಿಗೆ, "ಪೆಟ್ಟಿಗೆ ಕಟ್ಟು," ಎಂದ.

ಅವನು ಟೀ ಲೋಟ ತುಟಿಗಿಡುವಾಗ ಫೋನು ಬಡಿದುಕೊಂಡಿತು. ಚರ್ಚಿನ ಕಸ ಗುಡಿಸಿ, ಪೀಠದ ಬಟ್ಟೆ ಒಗೆದು, ಸಂತರ ಧೂಳು ಒರೆಸುವ ಅಟ್ರಾಕ್ಟಾ.

"ಫಿಂಟನ್, ಸಂತ ಅಂತೋಣಿ ಎದುರಿಗೆ ಬತ್ತಿ ಹತ್ತಿವೆ ಕಣಪ್ಪಾ."

"ಹತ್ತಲಿ ಬಿಡಿ ಅಟ್ರಾಕ್ಟಾ, ಯಾರೋ ಹಚ್ಚಿರ್ತಾರೆ."

"ಎಲ್ಲಾ ಹತ್ತಿವೆ."

"ಎಲ್ಲಾ ಅಂದ್ರೆ?"

"ಎಲ್ಲಾ ಅಂದ್ರೆ ಎಲ್ಲಾ! ಮೂರು ಸಾಲೂ! ಒಂದು ನರಪಿಳ್ಳೆ ಇಲ್ಲ ಚರ್ಚಲ್ಲಿ. ನಾನು ಪೊರಕೆ ಹಿಡ್ಕೊಂಡು ನಿಂತಿದೀನಿ, ನನ್ನ ಕಣ್ಣೆದುರಿಗೇ ಒಂದೊಂದೇ, ಒಂದೊಂದೇ... ಮತ್ತೆ ಕೇಳು, ಹೋದ ತಿಂಗಳು ಕಳೆದುಹೋಗಿದ್ದ ನನ್ನ ಕನ್ನಡಕ ಅಂತೋಣಿ ಪಾದದ ಹತ್ರಾನೇ ಸಿಕ್ತು!"

"ಅಲ್ಲೇ ಇಟ್ಟು ಮರೆತಿರ್ತೀರಿ."

"ಇಷ್ಟು ದಿನ ಯಾಕೆ ಕಾಣಲಿಲ್ಲ?"

"ಕನ್ನಡಕ ಇರಲಿಲ್ವಲ್ಲ," ಎಂದು ಹೇಳಬೇಕೆಂದುಕೊಂಡ ಫಿಂಟನ್. ಅಷ್ಟರಲ್ಲಿ ಆಕೆ ಫೋನಿಟ್ಟು ಬೇರೆಯವರಿಗೆ ತಿಳಿಸಲು ಹೊರಟಿದ್ದಳು.

ಚರ್ಚು ಮುಟ್ಟಿದಾಗ ಬಾಗಿಲಲ್ಲೇ ಅವನ ಕಾಲುಗಳು ನಿಂತುಬಿಟ್ಟವು. ಹೊರಗೆ ನವೆಂಬರಿನ ಮೋಡ ಮುಸುಕಿದ ಬೆಳಗು; ಒಳಗೆ ಒಂದು ಮೂಲೆ ಹೊಂಬಣ್ಣದಲ್ಲಿ ಮಿಂದಿತ್ತು. ಮೂರು ಸಾಲು ಬತ್ತಿಗಳೂ ಉರಿಯುತ್ತಿದ್ದವು, ಅದೂ ಸುಮ್ಮನೆ ನಿಂತು ಉರಿಯುತ್ತಿರಲಿಲ್ಲ. ಎಲ್ಲವೂ ಹತ್ತಿರುವಾಗ ಹೊಸ ಕೋರಿಕೆ ಬಂದರೆ ಹಳೆಯ ಬತ್ತಿಯೊಂದು ಕಣ್ಣು ಮಿಟುಕಿಸಿ ಮತ್ತೆ ಹತ್ತಬೇಕೆಂದು ಹಿಂದೆ ಅವನೇ ಕಟ್ಟು ಮಾಡಿದ್ದ. ಈಗ ಈ ತುದಿಯಿಂದ ಆ ತುದಿಗೆ, ಗೋಧಿ ಹೊಲದ ಮೇಲೆ ಗಾಳಿ ಸುಳಿದ ಹಾಗೆ, ಮಿಟುಕು ಹರಿದಾಡುತ್ತಿತ್ತು. ಸಂತ ಅಂತೋಣಿಯ ಮುಖದ ಮೇಲೆ ಬೆಳಕು ಆಡಿ, ಅವನು ಈಗಷ್ಟೇ ಏನೋ ಹೇಳಲು ಬಾಯಿ ತೆರೆದವನಂತೆ ಕಾಣುತ್ತಿದ್ದ. ಅಟ್ರಾಕ್ಟಾ ಮಂಡಿಯೂರಿದ್ದಳು. ಪಕ್ಕದಲ್ಲಿ ಅವಳು ಕರೆದು ತಂದ ಮುದುಕಿ ಮಿಸೆಸ್ ಹ್ಯಾನ್ರಟಿ. ಅವರ ಹಿಂದೆ ಬಾರ್ಟ್ಲಿ, ಟೋಪಿ ಕೈಯಲ್ಲಿ.

ಚರ್ಚಿನಲ್ಲಿ ಬಾರ್ಟ್ಲಿ ಬಾಯಿ ಮುಚ್ಚಿ ನಿಂತದ್ದನ್ನು ಆ ಊರು ಹಿಂದೆಂದೂ ಕಂಡಿರಲಿಲ್ಲ.

ಮಿಸೆಸ್ ಹ್ಯಾನ್ರಟಿ ಮೆಲ್ಲಗೆ ಫೋನು ತೆಗೆದು, ಇದು ಕ್ಯಾಮೆರಾದಲ್ಲೂ ಕಾಣುತ್ತದೆಯೇ ಎಂದು ಚರ್ಚಿನ ಪುಟ ತೆರೆದಳು. ಎದುರಿಗೆ ಒಂದು ಬತ್ತಿ ಮಿಟುಕಿತು. ಬಾರ್ಟ್ಲಿ ಇಣುಕಿ ನೋಡಿ ತನ್ನ ಫೋನಿನಲ್ಲೂ ತೆರೆದ. ಇನ್ನೊಂದು ಮಿಟುಕಿತು.

ಫಿಂಟನ್ನನಿಗೆ ಆಗ ಹೊಳೆಯಿತು. ಮುಂದಾಗಿ ಹೋಗಿ ಎಲ್ಲ ಬಾಗಿಲು ತಟ್ಟಿ ಬಾ ಎಂದು ಪುಟಕ್ಕೆ ಹೇಳಿಕೊಟ್ಟಿದ್ದನಲ್ಲ! ಅದು ತಟ್ಟುವ ಬಾಗಿಲುಗಳಲ್ಲಿ 'ಬತ್ತಿ ಹಚ್ಚಿ' ಎಂಬುದೂ ಒಂದು. ಆ ಬಾಗಿಲು ತಟ್ಟಿದರೆ ಸಾಕು, ಬತ್ತಿ ಹತ್ತುತ್ತದೆ. ರೋಗದ ಕಾಲದ ಆತುರದಲ್ಲಿ ಅವನೇ ಹಾಗೆ ಬರೆದಿದ್ದ. ಈಗ ಯಾರೂ ಏನನ್ನೂ ಮುಟ್ಟಬೇಕಿಲ್ಲ. ಪುಟ ತೆರೆದು ಬರಿದೆ ನೋಡಿದರೂ ಬತ್ತಿ ಹತ್ತುತ್ತದೆ. ಬತ್ತಿ ಹತ್ತಿದ್ದನ್ನು ನೋಡಲು ಜನ ಪುಟ ತೆರೆಯುತ್ತಾರೆ. ತೆರೆದದ್ದಕ್ಕೆ ಮತ್ತೆ ಬತ್ತಿ ಹತ್ತುತ್ತದೆ.

"ಅಟ್ರಾಕ್ಟಾ, ಇದು ಪವಾಡ ಅಲ್ಲ," ಎಂದ.

"ಶ್! ಮಂಡಿಯೂರು ಮೊದಲು."

"ಇದು ನನ್ನ ತಪ್ಪು."

"ನಮ್ಮೆಲ್ಲರ ತಪ್ಪೂ ಇದೆ ಮಗಾ," ಎಂದಳು ಮಿಸೆಸ್ ಹ್ಯಾನ್ರಟಿ ಕಣ್ಣೊರೆಸಿಕೊಳ್ಳುತ್ತ. "ಪಾಪಿಗಳು ನಾವು."

ಅವನು ಮನೆಗೆ ಓಡಿದ. ಕೈಚಳಕವನ್ನು ಕಿತ್ತೊಗೆದ. ಉಸಿರು ಬಿಟ್ಟ. ಆಗ ನೆನಪಾಯಿತು: ನಕಲುಗಳು! ಲೋಕದ ಪಟ್ಟಣಗಳ ನಕಲನ್ನೇನೋ ಒರೆಸಬಹುದು. ಬೆಳಗಿನಿಂದ ನೋಡಿದವರ ಫೋನುಗಳೊಳಗೆ ಕೂತ ನಕಲು ನಾಳೆಯ ತನಕ ಅಲುಗುವುದಿಲ್ಲ. ಅದು ತನ್ನ ಪಾಡಿಗೆ ಬಾಗಿಲು ತಟ್ಟುತ್ತಲೇ ಇರುತ್ತದೆ. ಬೇಗ ಹೋಗಲಿ ಎಂದು ಅವನು ಅಟ್ಟಿದ ಪುಟವನ್ನು ಬೆನ್ನಟ್ಟಿ ಹಿಡಿಯಲು ಅವನಿಂದಲೇ ಆಗುತ್ತಿರಲಿಲ್ಲ. ತಿದ್ದಿದ ಪುಟವನ್ನು ನೋಡಬಲ್ಲವರು ಇಷ್ಟು ಹೊತ್ತು ಪವಾಡದ ಸುದ್ದಿ ಕೇಳದವರು ಮಾತ್ರ. ಅಂಥವರು ಕಿಲ್‌ಮೊರಾನಿನಲ್ಲೂ ಉಳಿದಿರಲಿಲ್ಲ, ಕಿಲ್‌ಮೊರಾನಿನವರಿಗೆ ನೆಂಟರಿರುವ ಯಾವ ಖಂಡದಲ್ಲೂ ಉಳಿದಿರಲಿಲ್ಲ.

ಮಧ್ಯಾಹ್ನಕ್ಕೆ ಚರ್ಚು ಕ್ರಿಸ್‌ಮಸ್ಸಿನ ರಾತ್ರಿಗಿಂತ ಹೆಚ್ಚು ತುಂಬಿತ್ತು. ಒಬ್ಬರ ದನ ತಾನಾಗಿ ಕೊಟ್ಟಿಗೆಗೆ ಬಂದಿತ್ತು. ಇನ್ನೊಬ್ಬರ ಅಳಿಯ ಕುಡಿಯದೆ ಊಟಕ್ಕೆ ಬಂದಿದ್ದ. ಅದನ್ನಂತೂ ಯಾರೂ ಪ್ರಶ್ನಿಸಲಿಲ್ಲ. ಬಿಷಪ್ಪರು ಬರುವ ಹೊತ್ತು ಹತ್ತಿರವಾದಾಗ ಫಾದರ್ ಮ್ಯಾಲಕಿ ಫಿಂಟನ್ನನ ತೋಳು ಹಿಡಿದು ಪಕ್ಕದ ಕೋಣೆಗೆ ಎಳೆದೊಯ್ದರು. ಅವನು ಒಂದೇ ಉಸಿರಿಗೆ ಎಲ್ಲ ಹೇಳಿದ. ಅವರಿಗೆ ಅರ್ಧ ಅರ್ಥವಾಯಿತು, ಅಷ್ಟೇ ಸಾಕಾಗಿತ್ತು.

"ಅಯ್ಯೋ ಪುಣ್ಯಾತ್ಮ! ಈ ಬಿಷಪ್ಪರಿಗೆ ಪವಾಡ ಅಂದ್ರೆ ಆಗಲ್ಲ ಕಣೋ! ಹಿಂದೆ ಒಂದೂರಲ್ಲಿ ಗೋಡೆ ಮೇಲೆ ಸಂತನ ಮುಖ ಮೂಡಿದೆ ಅಂದಿದ್ದಕ್ಕೆ ಆ ಪಾದ್ರಿ ಕೈಲೇ ಸುಣ್ಣ ಹೊಡೆಸಿದಾರೆ. ಆರಿಸು! ಬೇರು ಸಮೇತ ಆರಿಸು!"

"ಪ್ಲಗ್ಗು ಕೀಳಬೇಕು. ಅದೊಂದೇ ದಾರಿ."

"ಮತ್ತೆ ಕೀಳು!"

"ನೀವೇ ಜನಕ್ಕೆ ಹೇಳಿಬಿಟ್ರೆ ಆಗಲ್ವಾ ಫಾದರ್?"

"ಹೊರಗೆ ಮುದುಕಿಯರು ಅಳ್ತಿದಾರೆ, ನಾನು ಹೋಗಿ ಪ್ಲಗ್ಗಿನ ವಿಷಯ ಮಾತಾಡಲಾ? ಮಾತು ಕೊಟ್ಟಿದೀನಿ ನಿಂಗೆ, ರೈಲಿದೆ ನಿಂಗೆ. ಹೋಗು, ಕೀಳು."

ಫಿಂಟನ್ನನ ಫೋನಿನಲ್ಲಿ ನೋರೀನಳ ಸಂದೇಶ ಕಾದಿತ್ತು. 'ಪೆಟ್ಟಿಗೆ ಆಯ್ತು. ಎಲ್ಲಿ ಸತ್ತೆ?'

ಪ್ಲಗ್ಗು ಇದ್ದದ್ದು ಬತ್ತಿಯ ಸ್ಟ್ಯಾಂಡಿನ ಹಿಂದೆ, ಸಂತನ ಪಾದದ ಅಡಿಯ ಸಂದಿಯಲ್ಲಿ. ಮುಂದೆ ಸಾಲುಸಾಲಾಗಿ ಮಂಡಿಯೂರಿದ ಜನ. ನಡೆದು ಹೋದರೆ ಕಣ್ಣಿಗೆ ಬೀಳುವೆನೆಂದು ಫಿಂಟನ್ ಮಂಡಿಯ ಮೇಲೇ ಹೊರಟ. ಎರಡು ಸಾಲು ದಾಟುವಷ್ಟರಲ್ಲಿ ಅಟ್ರಾಕ್ಟಾಳ ಕಣ್ಣಿಗೆ ಬಿದ್ದ.

"ನೋಡ್ರೇ ನಮ್ಮ ಫಿಂಟನ್ನನ್ನ! ಮಂಡೀಲಿ ಹೋಗ್ತಿದಾನೆ!"

ಜನ ಸರಿದು ದಾರಿ ಬಿಟ್ಟರು. ಯಾರೋ ಬೆನ್ನು ತಟ್ಟಿದರು. ಅವನು ಸ್ಟ್ಯಾಂಡಿನ ಮಗ್ಗುಲಲ್ಲಿ ತೂರಿ, ಹೊಟ್ಟೆಯ ಮೇಲೆ ಮಲಗಿ, ಸಂದಿಗೆ ತಲೆ ತುರುಕಿದ. ಹೊರಗೆ ಕಾಣುತ್ತಿದ್ದದ್ದು ಎರಡು ಕಾಲು ಮಾತ್ರ.

"ಅಂತೋಣಿ ಪಾದ ಹಿಡ್ಕೊಂಡುಬಿಟ್ಟ," ಎಂದು ಮಿಸೆಸ್ ಹ್ಯಾನ್ರಟಿ ಗದ್ಗದಿಸಿದಳು. "ಈ ಹುಡುಗನ್ನ ನಾವು ಏನೇನೋ ಅಂದಿದ್ವಿ."

ಸಂದಿಯೊಳಗೆ ಫಿಂಟನ್ ಕೈ ಚಾಚಿ, ಬೆರಳ ತುದಿಗೆ ಸಿಕ್ಕಿದ ಪ್ಲಗ್ಗನ್ನು ಎಳೆದ. ಬತ್ತಿಗಳು ಆರಿದವು. ಅದೇ ಪ್ಲಗ್ಗಿನಲ್ಲಿ ನೇತಾಡುತ್ತಿದ್ದ ಕ್ಯಾಮೆರಾ ಕೂಡ ಆರಿತು.

ಮಂಡಿಯೂರಿದವರೆಲ್ಲ ತಲೆ ಎತ್ತಿದರು. ಆಮೇಲೆ ಒಂದು ಫೋನು ಬಡಿದುಕೊಂಡಿತು. ಇನ್ನೊಂದು. ಮತ್ತೆ ಹತ್ತಾರು ಒಟ್ಟಿಗೇ.

"ಹಲೋ! ಇಲ್ಲಮ್ಮಾ, ಯಾರೂ ಸತ್ತಿಲ್ಲ, ಬತ್ತಿ ಆರಿತಷ್ಟೇ!"

"ನಮ್ಮಕ್ಕ ಶಿಕಾಗೊದಿಂದ, ಮಾಡು ಕುಸೀತಾ ಅಂತಿದಾಳೆ!"

"ಯಾರು ಆರಿಸಿದ್ದು? ಯಾರ ಕಾಲು ಅದು?"

"ಫಿಂಟನ್ನೇ! ಪಾದ ಹಿಡಿಯೋಕೆ ಹೋಗಿ ವೈರು ಹಿಡಿದಿದಾನೆ ಪೆದ್ದ! ಹಾಕೋ ವಾಪಸ್ಸು!" ಇದು ಬಾರ್ಟ್ಲಿ. ಅವನಿಗೆ ಬಾಯಿ ಮರಳಿ ಬಂದಿತ್ತು. ಅವನು ಬಗ್ಗಿ ಫಿಂಟನ್ನನ ಕಣಕಾಲು ಹಿಡಿದು ಎಳೆಯತೊಡಗಿದ. ಎಳೆತಕ್ಕೆ ಬೆದರಿದ ಫಿಂಟನ್ ಪ್ಲಗ್ಗನ್ನು ತಿರುಗಿ ಗೋಡೆಗೆ ಒತ್ತಿದ.

ಆ ನಡುವೆ ಏನಾಗಿತ್ತೆಂದರೆ, ಕ್ಯಾಮೆರಾ ಆರಿದ್ದೇ ತಡ, ಲೋಕದ ಮೂಲೆಮೂಲೆಯಲ್ಲಿ ಗಾಬರಿಯಾದ ಜನ ಪುಟವನ್ನು ಮತ್ತೆ ಮತ್ತೆ ತೆರೆದಿದ್ದರು. ಅವರ ಕೋರಿಕೆಗಳೆಲ್ಲ ಕಟ್ಟೆಯ ಹಿಂದಿನ ನೀರಿನಂತೆ ಸೇರಿಕೊಂಡು ಕಾದಿದ್ದವು. ಪ್ಲಗ್ಗು ಕೂಡಿದೊಡನೆ ಮೂರೂ ಸಾಲು ಒಂದೇ ಏಟಿಗೆ ಭಗ್ಗೆಂದು ಹತ್ತಿದವು. ನಾಲ್ಕು ಗಂಟೆಯ ಮಬ್ಬಿನಲ್ಲಿ ಆ ಬೆಳಕು ಹೊಸ ಮಾಡಿನ ತೊಲೆತೊಲೆಗೂ ಏರಿ ಕೂತಿತು. ಊರೆಲ್ಲ ಒಂದೇ ಗಂಟಲಿನಿಂದ "ಆಹ್!" ಎಂದಿತು.

ಹಾಗೆ ಎಲ್ಲರೂ ಬಾಯಿ ತೆರೆದಿದ್ದಾಗಲೇ ದೊಡ್ಡ ಬಾಗಿಲು ದೂಡಿಕೊಂಡು ಬಿಷಪ್ಪರು ಒಳಗೆ ಬಂದರು.

ತೆಳ್ಳಗೆ, ಎತ್ತರಕ್ಕೆ, ಮಳೆಗಾಲದ ಕೊಡೆಯ ಹಾಗಿದ್ದ ಮನುಷ್ಯ. ಅವರು ಬತ್ತಿಗಳನ್ನು ನೋಡಿದರು. ಅಳುತ್ತಿದ್ದ ಜನರನ್ನು ನೋಡಿದರು. ಸಂತನ ಪಾದದ ಅಡಿಯಿಂದ ಹಿಮ್ಮುಖವಾಗಿ ಹೊರಬರುತ್ತಿದ್ದ, ತಲೆಯ ತುಂಬ ಜೇಡರಬಲೆ ಕಟ್ಟಿದ್ದ ಫಿಂಟನ್ನನನ್ನೂ ನೋಡಿದರು.

"ಏನು ನಡೀತಿದೆ ಇಲ್ಲಿ, ಫಾದರ್ ಮ್ಯಾಲಕಿ?"

"ಇವರು ಹೇಳ್ತಾರೆ ಬಿಷಪ್ಪರೇ," ಎಂದು ಫಾದರ್ ಮ್ಯಾಲಕಿ ಫಿಂಟನ್ನನ ಕಡೆ ಕೈ ತೋರಿ ಒಂದು ಹೆಜ್ಜೆ ಹಿಂದೆ ಸರಿದರು.

ಫಿಂಟನ್ ಗಡಿಯಾರ ನೋಡಿದ. ರೈಲಿಗೆ ಇನ್ನೂ ಹೊತ್ತಿತ್ತು. ಒಂದೇ ಸಲ ಎಲ್ಲರೆದುರಿಗೆ ಸತ್ಯ ಹೇಳಿಬಿಟ್ಟರೆ ಪವಾಡವೂ ಮುಗಿಯುತ್ತದೆ, ತಾನೂ ಬಿಡುಗಡೆಯಾಗುತ್ತೇನೆ. ಎದ್ದು ನಿಂತ.

"ಬಿಷಪ್ಪರೇ, ಇದರಲ್ಲಿ ದೇವರ ಕೈ ಇಲ್ಲ. ನಂದೇ ಕೈ. ಪುಟ ಬೇಗ ತೆರೀಲಿ ಅಂತ, ಜನ ಕೇಳೋ ಮೊದಲೇ ಎಲ್ಲ ತಂದಿಡು ಅಂತ ಹೇಳಿಕೊಟ್ಟೆ. ಅದು ಬತ್ತಿನೂ ಮೊದಲೇ ಹಚ್ತಿದೆ. ಯಾರೂ ಪ್ರಾರ್ಥನೆ ಮಾಡಿಲ್ಲ. ಪುಟ ತೆರೆದು ನೋಡಿದಾರೆ, ಅಷ್ಟೇ. ಬರೀ ನೋಡೋದ್ರಿಂದ ಏನೂ ಬದಲಾಗಬಾರದು, ಅದು ನಮ್ಮ ಕಸುಬಿನ ಮೊದಲನೇ ನೇಮ. ನಾನೇ ಮುರಿದೆ."

ಜನರಲ್ಲಿ ಗುಜುಗುಜು ಎದ್ದಿತು. ಯಾರೂ ನಂಬಿದ ಹಾಗಿರಲಿಲ್ಲ.

"ತೋರಿಸ್ತೀನಿ ಬೇಕಾದ್ರೆ," ಎಂದ ಫಿಂಟನ್. ಯಾವ ಊರಿನಿಂದ ಯಾರು ಈಗ ಪುಟ ತೆರೆದರೆಂಬುದು ಅವನ ಫೋನಿನಲ್ಲಿ ಕಾಣುತ್ತಿತ್ತು. "ಈಗ ಬಾಸ್ಟನ್ನಿಂದ ಒಬ್ರು ನೋಡಿದ್ರು." ಎದುರಿಗೆ ಒಂದು ಬತ್ತಿ ಮಿಟುಕಿತು. "ನೋಡಿ. ಈಗ ಟೊರಾಂಟೊ." ಇನ್ನೊಂದು ಮಿಟುಕಿತು. "ಈಗ ದುಬೈ. ಯಂತ್ರ ಇದು. ಬರೀ ಯಂತ್ರ."

"ಬಾಸ್ಟನ್ನಾ?" ಎಂದಿತು ಹಿಂದಿನಿಂದ ಒಂದು ದನಿ. "ಬಾಸ್ಟನ್ನಲ್ಲಿ ನಮ್ಮ ತಂಗಿ ಇದಾಳೆ."

"ದುಬೈ ಅಂದ್ರೆ ನಮ್ಮ ಕ್ಲೀನಾ! ಆಸ್ಪತ್ರೇಲಿ ಈಗ ಅವಳಿಗೆ ಬಿಡುವಿನ ಹೊತ್ತು!"

"ಟೊರಾಂಟೊ ನಮ್ಮ ಪಾಡ್ರಿಗ್. ನಾಕು ವರ್ಷ ಆಯ್ತು, ಫೋನೂ ಮಾಡಿಲ್ಲ ಬಡ್ಡಿಮಗ. ನೋಡ್ತಾನಾ ಅವನು? ಊರನ್ನ ನೋಡ್ತಾನಾ?"

"ಇನ್ನೊಂದು ಓದೋ ಫಿಂಟನ್! ಮುಂದಿಂದು ಓದು!"

ಅವನು ಓದದೆ ಇರಲಾಗಲಿಲ್ಲ. ಲಿವರ್‌ಪೂಲ್. ಮಿಟುಕು. ಸಿಡ್ನಿ. ಮಿಟುಕು. ಒಂದೊಂದು ಹೆಸರಿಗೂ ಜನರ ನಡುವಿನಿಂದ ಒಬ್ಬರು ಕೂಗುವರು, ಇಲ್ಲವೇ ಕೂಗಲಾರದೆ ಬಾಯಿಗೆ ಸೆರಗಿನಂತೆ ಶಾಲು ಒತ್ತಿಕೊಳ್ಳುವರು. ಊರು ಬಿಟ್ಟು ಹೋದವರು, ಮುನಿಸಿಕೊಂಡು ಹೋದವರು, ಮರೆತರೆಂದು ಎಲ್ಲರೂ ಅಂದುಕೊಂಡವರು, ಆ ಮೂರು ಸಾಲಿನಲ್ಲಿ ಒಬ್ಬೊಬ್ಬರಾಗಿ ಕಣ್ಣು ಮಿಟುಕಿಸಿ ಇಲ್ಲಿದ್ದೇನೆ ಎನ್ನುತ್ತಿದ್ದರು. ಫಿಂಟನ್ ಓದುತ್ತಲೇ ಹೋದ. ಬೆಳಗಿನಿಂದ ಅವನು ವೇಗವನ್ನು ನೋಡಿದ್ದ. ಆ ವೇಗದ ಬೆನ್ನೇರಿ ಬರುತ್ತಿದ್ದವರನ್ನು ಈಗ ನೋಡುತ್ತಿದ್ದ. "ಪರ್ತ್," ಎಂದು ಮೆಲ್ಲಗೆ ಓದಿದ. ಯಾರೂ ಕೂಗಲಿಲ್ಲ. ಡೀರ್ಡ್ರಳ ತಾಯಿ ಕೂರುತ್ತಿದ್ದ ಬೆಂಚಿನ ಕಡೆ ಎಲ್ಲರೂ ಒಮ್ಮೆ ನೋಡಿದರು.

ಆಗ ಮಿಸೆಸ್ ಹ್ಯಾನ್ರಟಿ ಎದ್ದಳು.

"ಒಂದು ಮಾತು ಫಿಂಟನ್. ನಾನು ದಿನಾ ಬೆಳಗ್ಗೆ ಪುಟ ತೆಗೆಯೋದು ಯಾರು ಸತ್ರು ಅಂತ ನೋಡೋಕೆ. ಬತ್ತಿ ಗಿತ್ತಿ ಹಚ್ಚಿದೋಳೇ ಅಲ್ಲ. ಇವತ್ತೂ ನೋಡಿದೆ. ಹಂಗಾರೆ ನನ್ನ ಲೆಕ್ಕದಲ್ಲೂ ಹತ್ತಿತಾ?"

"ಹತ್ತಿತು."

"ಇವತ್ತು ಸತ್ತಿದ್ದು ಬೇಲಿ ಆಚೆ ಗಿಲ್ಹೂಲಿ! ಅವನಿಗೂ ನಂಗೂ ಮೂವತ್ತು ವರ್ಷದಿಂದ ಮಾತಿಲ್ಲ! ಅವನಿಗೆ ನಾನು ಬತ್ತಿ ಹಚ್ಚಿದೆನಾ?"

"ನೀವು ಹಚ್ಚಿಲ್ಲ, ಪುಟ—"

"ಹಚ್ಚಿದೆ," ಎಂದು ಆಕೆ ದೊಪ್ಪನೆ ಕೂತಳು. ಸ್ವಲ್ಪ ಹೊತ್ತು ಬತ್ತಿಗಳನ್ನೇ ನೋಡಿದಳು. "ಹಚ್ಚಿದ್ದಾಯ್ತಲ್ಲ. ಇರಲಿ ಬಿಡು. ಬೇಲಿ ವಿಷಯ ಬಿಟ್ರೆ ಕೆಟ್ಟವನೇನಲ್ಲ ಅವನು."

ಬಿಷಪ್ಪರು ಇಷ್ಟು ಹೊತ್ತೂ ನಿಂತಲ್ಲೇ ನಿಂತಿದ್ದರು. ಅವರ ಕಪ್ಪು ಅಂಗಿಯ ಗುಂಡಿಗಳ ಮೇಲೆ ಬೆಳಕು ಓಡಾಡುತ್ತಿತ್ತು. ಸುಣ್ಣದ ಬಕೆಟ್ಟು ತರಲು ಹೇಳುವರೆಂದು ಫಾದರ್ ಮ್ಯಾಲಕಿ ಕಣ್ಣು ಮುಚ್ಚಿಕೊಂಡರು.

"ಪರ್ತ್‌ನಿಂದ ಇಲ್ಲಿಗೆ ಬರೋಕೆ ಎಷ್ಟು ಹೊತ್ತು ಹಿಡೀತು?" ಎಂದು ಬಿಷಪ್ಪರು ಕೇಳಿದರು.

"ರೆಪ್ಪೆ ಬಡಿಯೋದರೊಳಗೆ, ಬಿಷಪ್ಪರೇ."

"ನಮ್ಮ ಧರ್ಮಪ್ರಾಂತ್ಯದ ಪುಟ ತೆರೆಯೋಕೆ ಇಟ್ಟು ನಾನು ಟೀ ಕುಡಿದು ಬರ್ತೀನಿ. ಬಂದಾಗ ನನ್ನ ಹಣೆ ಮಾತ್ರ ಕಾಣ್ತಿರುತ್ತೆ." ಯಾರೂ ನಗಲಿಲ್ಲ, ಅವರೂ ನಗಲಿಲ್ಲ. ಮತ್ತೆ ಬತ್ತಿಗಳ ಕಡೆ ತಿರುಗಿದರು. "ಪವಾಡ ಅಂತ ಯಾರಾದ್ರೂ ಅಂದ್ರೆ ನಂಗೆ ಸಿಟ್ಟು ಬರುತ್ತೆ. ಇದು ಪವಾಡ ಅಲ್ಲ ಅಂತ ಈ ಮನುಷ್ಯ ಸ್ಪಷ್ಟವಾಗಿ ಹೇಳಿದಾರೆ. ಒಳ್ಳೇದು. ನೋಡೋದೂ ಒಂದು ಪ್ರಾರ್ಥನೆ ಅಂತ ನಾನು ನಲವತ್ತು ವರ್ಷ ಹೇಳಿಕೊಂಡು ತಿರುಗಿದೆ, ಒಬ್ಬರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಇದನ್ನ ತೆಗೀಬೇಡಿ. ಹೀಗೇ ಇರಲಿ."

ಚರ್ಚಿನಲ್ಲಿ ನಿಟ್ಟುಸಿರೊಂದು ಅಲೆಯಂತೆ ಹಾದುಹೋಯಿತು. ಹೀಗೇ ಇರಲಿ ಎಂದರೆ ಇದನ್ನು ನೋಡಿಕೊಳ್ಳುವವರು ಯಾರು? ಫಿಂಟನ್ ಫಾದರ್ ಮ್ಯಾಲಕಿಯವರ ಮುಖವನ್ನೇ ದಿಟ್ಟಿಸಿದ. ಫಾದರ್ ಮಾತಿಗೆ ತಪ್ಪುವವರಲ್ಲ. ಮುಂದೆ ಬಂದು, ಗಂಟಲು ಸರಿಮಾಡಿಕೊಂಡು, "ಬಿಷಪ್ಪರೇ, ಇವರಿಗೆ ಇವತ್ತು ಈ ಕೆಲಸದಿಂದ ಬಿಡುಗಡೆ ಕೊಡ್ತೀನಿ ಅಂತ ಮಾತು ಕೊಟ್ಟಿದೀನಿ," ಎಂದರು.

"ಕೊಡಿ, ಈಗಲೇ ಕೊಡಿ," ಎಂದರು ಬಿಷಪ್ಪರು ಥಟ್ಟನೆ.

ಫಿಂಟನ್ನನ ಕಣ್ಣಿಗೆ ಪೋರ್ಚುಗಲ್ಲಿನ ಬಿಸಿಲು, ಮರಳು, ಎಂದೂ ಬಡಿದುಕೊಳ್ಳದ ಫೋನು, ಒಂದೇ ಗಳಿಗೆಯಲ್ಲಿ ತೇಲಿಬಂದವು. ಅವನು ಬಗ್ಗಿ ಬಿಷಪ್ಪರ ಉಂಗುರಕ್ಕೆ ಮುತ್ತಿಟ್ಟ.

"ಇವರನ್ನ ಒಂದು ಊರಿಗೆ ಕಟ್ಟಿ ಹಾಕಿದ್ದೇ ತಪ್ಪು," ಎಂದು ಬಿಷಪ್ಪರು ಅವನ ತಲೆಯ ಮೇಲೆ ಕೈಯಿಟ್ಟರು. ಜೇಡರಬಲೆ ಅಂಟಿತು, ಲೆಕ್ಕಿಸಲಿಲ್ಲ. "ಇವತ್ತಿಂದ ಇವರು ನನ್ನ ಹತ್ರ. ಧರ್ಮಪ್ರಾಂತ್ಯದ ಎಲ್ಲಾ ಚರ್ಚಿಗೂ ಇದನ್ನ ಮಾಡಿಕೊಡ್ಲಿ. ಕ್ರಿಸ್‌ಮಸ್ಸಿಗೆ ಮುಂಚೆ ಮುಗಿದ್ರೆ ಒಳ್ಳೇದು. ಈಗಲೇ ಕೂತು ಮಾತಾಡೋಣ. ಮಾಡಿನ ಆಶೀರ್ವಾದ ಐದು ನಿಮಿಷದ ಕೆಲಸ."

ಜನ ಚಪ್ಪಾಳೆ ತಟ್ಟಿದರು. ಅಟ್ರಾಕ್ಟಾ ಅತ್ತಳು. ಬಾರ್ಟ್ಲಿ ಪಕ್ಕದವನಿಗೆ, "ನಂಗೆ ಮೊದಲಿಂದ್ಲೂ ಗೊತ್ತಿತ್ತು, ದೊಡ್ಡ ಕೆಲಸ ಅವಂದು," ಎಂದ. ಫಾದರ್ ಮ್ಯಾಲಕಿ ಫಿಂಟನ್ನನ ಹೆಗಲು ತಟ್ಟಿ, "ಮಾತು ಉಳಿಸ್ಕೊಂಡೆ ನೋಡಪ್ಪಾ," ಎಂದರು. ಅವರ ಮುಖದಲ್ಲಿ ಕಪಟವಿರಲಿಲ್ಲ.

ದೂರದಲ್ಲಿ ರೈಲು ಕೂಗಿತು. ಅಂಗೈಯಲ್ಲಿ ಫೋನು ನಡುಗಿತು. ನೋರೀನ್ ಬರೆದಿದ್ದಳು: 'ರೈಲು ಹತ್ತಿದೆ. ಚರ್ಚಿನ ಕ್ಯಾಮೆರಾದಲ್ಲಿ ನಿನ್ನ ನೋಡ್ತಾ ಇದೀನಿ. ತಲೆ ಮೇಲಿನ ಜೇಡರಬಲೆ ತೆಗಿ.'

ಮೇಲಿನ ಸಾಲಿನ ತುದಿಯಲ್ಲಿ ಒಂದು ಬತ್ತಿ ಆರಿ, ಮೆಲ್ಲಗೆ ಮತ್ತೆ ಹತ್ತಿತು. ಊರೆಲ್ಲ ಉಸಿರು ಹಿಡಿದು ಫಿಂಟನ್ನನ ಬಾಯಿ ನೋಡಿತು.

"ಇದು ಎಲ್ಲಿಂದಪ್ಪಾ?"

"ರೈಲಿನಿಂದ," ಎಂದ ಫಿಂಟನ್.

"ಯಾರು ಹೋಗಿಬಿಟ್ರೋ, ಪಾಪ," ಎಂದು ಮಿಸೆಸ್ ಹ್ಯಾನ್ರಟಿ ಶಿಲುಬೆಯ ಗುರುತು ಹಾಕಿಕೊಂಡಳು.